ಸಕುರಾಳಿಂದ ಇನ್ನು ಏನನ್ನೂ ಮುಚ್ಚಿಡಬೇಡಿ

'ಕಾರ್ಡ್‌ಕ್ಯಾಪ್ಟರ್ ಸಕುರಾ: ಕ್ಲಿಯರ್ ಕಾರ್ಡ್' ಅನಿಮೆಯ ಮುಂದಿನ ಭಾಗವನ್ನು ಮಾಡುತ್ತಿರುವವರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ.

2023ರ ಏಪ್ರಿಲ್‌ನಲ್ಲಿ ಸಕುರಾ ಅನಿಮೆಗೆ (ಅನಿಮೆ ಅಂದರೆ ಜಪಾನಿನ ಕಾರ್ಟೂನ್ ಸರಣಿ) 25 ವರ್ಷ ತುಂಬಿತು. ಅದೇ ಹೊತ್ತಿಗೆ ಕ್ಲಿಯರ್ ಕಾರ್ಡ್ ಕಥೆಯ ಮುಂದಿನ ಭಾಗವೂ ಬರುತ್ತದೆ ಎಂದು ನೀವು ಹೇಳಿದಿರಿ. ಸುದ್ದಿ ಕೇಳಿ ಖುಷಿಯಾಯಿತು. ಜೊತೆಗೆ ಹೆದರಿಕೆಯೂ ಆಯಿತು. ಆ ಹೆದರಿಕೆ ಯಾಕೆ ಅಂತ ಹೇಳುವುದಕ್ಕೇ ಈ ಪತ್ರ. ಇದು ಜಪಾನಿನ ಸ್ಟುಡಿಯೊದವರ ಕೈಗೆ ತಲುಪುವ ಸಾಧ್ಯತೆ ಎಷ್ಟು ಅಂತ ನನಗೆ ಗೊತ್ತು. ಆದರೂ ಬರೆಯುತ್ತೇನೆ. ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ನಿಮ್ಮ ಕೆಲಸವನ್ನು ಪ್ರೀತಿಸಿದ ಕನ್ನಡದವರು ಸಾಕಷ್ಟು ಜನ ಇದ್ದಾರೆ. ಕ್ಲಿಯರ್ ಕಾರ್ಡ್ ನೋಡಿ ನನ್ನ ಹಾಗೆಯೇ ಬಾಯಿ ಕಟ್ಟಿ ಕೂತವರು ಅವರಲ್ಲೂ ಇದ್ದಾರೆ. ಅವರಾದರೂ ಓದಲಿ.

ನೇರವಾಗಿ ಹೇಳಿಬಿಡುತ್ತೇನೆ. 2018ರ ಜನವರಿಯಿಂದ ಜೂನ್‌ವರೆಗೆ ಬಂದ ಕ್ಲಿಯರ್ ಕಾರ್ಡ್‌ನ 22 ಕಂತುಗಳಲ್ಲಿ ನನಗೆ ನಿರಾಸೆ ತಂದದ್ದು ಚಿತ್ರ ಅಲ್ಲ, ಸಂಗೀತ ಅಲ್ಲ, ದನಿಗಳಂತೂ ಅಲ್ಲವೇ ಅಲ್ಲ. ನಿರಾಸೆ ತಂದದ್ದು ಒಂದೇ ಸಂಗತಿ. ಆ ಕಥೆಯಲ್ಲಿ ಸಕುರಾಗೆ ಯಾರೂ ಏನನ್ನೂ ಹೇಳುವುದಿಲ್ಲ. ಹೇಳದೇ ಇರುವುದರಿಂದ ಅವಳಿಗೆ ಏನನ್ನೂ ಮಾಡಲಾಗುವುದಿಲ್ಲ. ಉಳಿದ ಕುಂದುಗಳೆಲ್ಲ ಹುಟ್ಟಿದ್ದು ಇಲ್ಲಿಂದಲೇ ಅಂತ ನನ್ನ ಲೆಕ್ಕ.

ಹಳೆಯ ಸರಣಿ ಗೊತ್ತಿಲ್ಲದವರಿಗಾಗಿ ಎರಡು ಮಾತು. 1998ರ ಏಪ್ರಿಲ್‌ನಿಂದ 2000ದ ಮಾರ್ಚ್‌ವರೆಗೆ ಎನ್‌ಎಚ್‌ಕೆಯ ಉಪಗ್ರಹ ಚಾನೆಲ್‌ನಲ್ಲಿ 70 ಕಂತು ಬಂದವು. ಕ್ಲ್ಯಾಂಪ್ ಎಂಬ ಲೇಖಕಿಯರ ತಂಡದ ಮಂಗಾ (ಜಪಾನಿನ ಕಾಮಿಕ್ಸ್), ಮ್ಯಾಡ್‌ಹೌಸ್ ಸ್ಟುಡಿಯೊ, ಮೊರಿಯೊ ಅಸಾಕಾ ಅವರ ನಿರ್ದೇಶನ. ನಾಲ್ಕನೇ ಕ್ಲಾಸಿನ ಹುಡುಗಿ ಸಕುರಾ ಮನೆಯ ನೆಲಮಾಳಿಗೆಯಲ್ಲಿ ಅಪ್ಪನ ಪುಸ್ತಕಗಳ ನಡುವೆ ಒಂದು ವಿಚಿತ್ರ ಪುಸ್ತಕ ತೆರೆಯುತ್ತಾಳೆ. ಒಳಗಿದ್ದ ಕಾರ್ಡಿನ ಹೆಸರನ್ನು ಓದುತ್ತಾಳೆ. ಗಾಳಿ ಏಳುತ್ತದೆ, ಮಾಯದ ಕಾರ್ಡುಗಳೆಲ್ಲ ಊರ ತುಂಬ ಹಾರಿಹೋಗುತ್ತವೆ. ಕಾರ್ಡುಗಳ ಕಾವಲಿಗಿದ್ದ ಕೆರೊ ಎಂಬ ಮಾಯದ ಪ್ರಾಣಿ ನಿದ್ದೆ ಮಾಡುತ್ತಿದ್ದ. ಈಗ ಇವಳೇ ಅವನ್ನೆಲ್ಲ ಹಿಡಿದು ತರಬೇಕು. ಅಷ್ಟೇ ಕಥೆ.

ತಪ್ಪು ಇವಳದೇ, ಸರಿಪಡಿಸುವ ಹೊಣೆಯೂ ಇವಳದೇ. ಮೊದಲ ಕಂತಿನಲ್ಲೇ ಇದು ಗಟ್ಟಿಯಾಗಿ ನಿಂತುಬಿಡುತ್ತದೆ. ಹತ್ತು ವರ್ಷದ ಹುಡುಗಿ ಹೆದರುತ್ತಾಳೆ, ಅಳುತ್ತಾಳೆ, 'ನನ್ನಿಂದ ಆಗಲ್ಲ' ಅನ್ನುತ್ತಾಳೆ, ಆಮೇಲೆ ಹೋಗುತ್ತಾಳೆ.

ಮೂರನೇ ಕಂತನ್ನು ನೆನಪಿಸಿಕೊಳ್ಳಿ. ಅಕ್ವೇರಿಯಂನಲ್ಲಿ ನೀರಿನ ಕಾರ್ಡು ಸೇರಿಕೊಂಡಿದೆ. ಪೆಂಗ್ವಿನ್‌ಗಳ ಕಾಲು ಹಿಡಿದು ಎಳೆಯುತ್ತದೆ, ಮನುಷ್ಯರನ್ನೂ ಬಿಡುವುದಿಲ್ಲ. ಸಕುರಾ ಹತ್ತಿರ ಆಗ ಇರುವುದು ಮೂರೇ ಕಾರ್ಡು: ಗಾಳಿ, ಹಾರಾಟ, ನೆರಳು. ನೀರನ್ನು ಗಾಳಿಯಿಂದ ಕಟ್ಟಿಹಾಕಲು ಆಗುವುದಿಲ್ಲ. ಕೆರೊ ಹತ್ತಿರವೂ ಉಪಾಯ ಇಲ್ಲ. ಆ ಹುಡುಗಿ ಅಲ್ಲಿಗೆ ಅಣ್ಣನ ಗೆಳೆಯ ಯುಕಿತೊ ಜೊತೆ ಸುತ್ತಾಡಲು ಹೋದವಳು. ಇಷ್ಟಪಡುವ ಹುಡುಗನ ಎದುರು ಕೂತಿದ್ದಾಗಲೂ ಮನಸ್ಸಿನಲ್ಲಿ ಇದೇ ಕೊರೆಯುತ್ತಿರುತ್ತದೆ. ಕೊನೆಗೆ ಅವಳಿಗೇ ಹೊಳೆಯುತ್ತದೆ. ನೀರನ್ನು ಹಿಡಿಯಲು ಆಗದಿದ್ದರೆ ಹೆಪ್ಪುಗಟ್ಟಿಸಬಹುದಲ್ವಾ? ರಾತ್ರಿ ವಾಪಸು ಬಂದು, ಆ ನೀರು ತನ್ನನ್ನೇ ಅಟ್ಟಿಸಿಕೊಂಡು ಬರುವ ಹಾಗೆ ಮಾಡಿ, ಓಡಿ ಓಡಿ ಅದನ್ನು ಅಲ್ಲಿನ ಕೋಲ್ಡ್ ಸ್ಟೋರೇಜ್ ಕೋಣೆಯೊಳಗೆ ಎಳೆದು ತರುತ್ತಾಳೆ. ಅಲ್ಲಿನ ಚಳಿಗೆ ನೀರು ಮಂಜುಗಡ್ಡೆಯಾಗಿ ನಿಂತುಬಿಡುತ್ತದೆ. ಆಗ ಕಾರ್ಡು ಕೈಗೆ ಬರುತ್ತದೆ.

ಇಪ್ಪತ್ತು ನಿಮಿಷದ ಕಂತು. ಅದರಲ್ಲಿ ಮಂತ್ರಕ್ಕಿಂತ ತಲೆ ಓಡಿಸಿದ್ದೇ ಜಾಸ್ತಿ. ಮಾಯೆ ಇಲ್ಲದ ಒಂದು ಮಾಮೂಲಿ ಕೋಣೆ ಅವಳನ್ನು ಗೆಲ್ಲಿಸಿತು. ಚಿಕ್ಕವರು ನೋಡಿದರೆ 'ಅರೆ, ನನಗೂ ಹೊಳೆಯುತ್ತಿತ್ತು' ಅನ್ನಿಸಬೇಕು, ಹಾಗಿತ್ತು ಅದು. ಎರಡನೇ ಕಂತಿನಲ್ಲೂ ಹೀಗೆಯೇ. ನೆರಳಿನ ಕಾರ್ಡನ್ನು ಹಿಡಿಯಲು ಸಹಾಯ ಮಾಡಿದ್ದು ರಾತ್ರಿ ಶಾಲೆಯಲ್ಲಿ ಗೆಳತಿ ಟೊಮೊಯೊ ಹಾಕಿದ ಲೈಟುಗಳು.

ಅಮ್ಮನ ರೂಪದಲ್ಲಿ ಬಂದ ಭ್ರಮೆಯ ಕಾರ್ಡು ಇನ್ನೊಂದು. ಸಕುರಾಳ ಅಮ್ಮ ನಾದೆಶಿಕೊ ತೀರಿಕೊಂಡವಳು. ಬಂಡೆಯ ಅಂಚಿನಾಚೆ ಅಮ್ಮ ನಿಂತು ಕರೆದ ಹಾಗೆ ಕಾಣುತ್ತದೆ. ಹುಡುಗಿ ಹೋಗಿಯೇ ಬಿಡುತ್ತಾಳೆ, ಅಪಾಯಕ್ಕೆ ಸಿಲುಕುತ್ತಾಳೆ. ಆಮೇಲೆ ಯೋಚಿಸುತ್ತಾಳೆ: ನನ್ನ ಅಮ್ಮ ಆಗಿದ್ದರೆ ನನ್ನನ್ನು ಅಪಾಯಕ್ಕೆ ಕರೆಯುತ್ತಿರಲಿಲ್ಲ. ಕಾರ್ಡಿನ ಗುಟ್ಟು ಬಿಡಿಸಿದ್ದು ಆ ಒಂದು ನಂಬಿಕೆ.

ಕನ್ನಡಿ ಕಾರ್ಡಿನ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಅದು ಸಕುರಾಳ ರೂಪ ತಾಳಿ ಊರಲ್ಲಿ ಕಿತಾಪತಿ ಮಾಡುತ್ತದೆ. ಅಣ್ಣ ತೋಯಾಗೆ ಮೊದಲಿಂದಲೇ ಗೊತ್ತು, ಇವಳು ನನ್ನ ತಂಗಿ ಅಲ್ಲ ಅಂತ. ಆದರೂ ಅವಳ ಜೊತೆ ಹೋಗುತ್ತಾನೆ, ಅವಳಿಗಾಗಿ ಬಿದ್ದು ಗಾಯ ಮಾಡಿಕೊಳ್ಳುತ್ತಾನೆ. ಆ ಕಾರ್ಡಿಗೆ ನಾಚಿಕೆಯಾಗುತ್ತದೆ. ಎಷ್ಟೋ ಕಂತುಗಳಾದ ಮೇಲೆ ತೋಯಾ ಅದೇ ಕಾರ್ಡಿಗೆ ರಿಬ್ಬನ್ ತಂದುಕೊಡುತ್ತಾನೆ. ನೋಡಿ, ಒಂದು ಕಾರ್ಡು, ಅದಕ್ಕೆ ಉಡುಗೊರೆ ಸಿಗುತ್ತದೆ! ನಿಮ್ಮ ಹಳೆಯ ಸರಣಿಯಲ್ಲಿ ಕಾರ್ಡುಗಳೆಂದರೆ ಒಬ್ಬೊಬ್ಬರು ಆಸಾಮಿಗಳು. ಹಟಮಾರಿ, ಪುಕ್ಕಲ, ತುಂಟ, ಒಂಟಿ. ಹಿಡಿಯಬೇಕಾದರೆ ಅವರ ಸ್ವಭಾವ ತಿಳಿಯಬೇಕಿತ್ತು.

ಈಗ ಕ್ಲಿಯರ್ ಕಾರ್ಡ್‌ಗೆ ಬರೋಣ.

ಶುರುವಾದ ರೀತಿಗೆ ನನ್ನ ತಕರಾರಿಲ್ಲ. ಸಕುರಾ ಮಿಡಲ್ ಸ್ಕೂಲಿಗೆ ಬಂದಿದ್ದಾಳೆ. ಹಿಂದೆ ಅವಳ ಜೊತೆ ಕಾರ್ಡು ಹಿಡಿಯುತ್ತಿದ್ದ, ಈಗ ಅವಳು ಪ್ರೀತಿಸುವ ಶಾವೊರಾನ್ ಹಾಂಗ್‌ಕಾಂಗ್‌ನಿಂದ ವಾಪಸು ಬಂದಿದ್ದಾನೆ. ಚೆರ್ರಿ ಹೂವು ಉದುರುತ್ತಿದೆ. ಆಗ ಒಂದು ಕನಸು. ಎದ್ದು ನೋಡಿದರೆ ಅವಳ ಕಾರ್ಡುಗಳೆಲ್ಲ ಗಾಜಿನ ಹಾಗೆ ಬರಿದಾಗಿವೆ. ಅಷ್ಟು ಕಷ್ಟಪಟ್ಟು ಒಂದೊಂದಾಗಿ ಸ್ನೇಹ ಮಾಡಿಕೊಂಡವರು ಒಂದೇ ರಾತ್ರಿಯಲ್ಲಿ ಇಲ್ಲ. ಎಂಥ ಶುರು! ನಾನು ಆ ಕಂತು ನೋಡಿ ಮುಂದಿನ ವಾರಕ್ಕೆ ಕಾದದ್ದು ಸುಳ್ಳಲ್ಲ.

ಆದರೆ ಮುಂದೆ? ಕಾರ್ಡುಗಳು ಹೋದ ದುಃಖ ಎಷ್ಟು ಹೊತ್ತು ಇತ್ತು ಹೇಳಿ. ಹೊಸ ಕೀಲಿ ಬಂತು, ಹೊಸ ದಂಡ ಬಂತು, ಹೊಸ ಕಾರ್ಡು ಬಂದವು. ಗೇಲ್, ಸೀಜ್, ಆಕ್ವಾ ಅಂತ ಸಾಲು. ಏನೋ ವಿಚಿತ್ರ ನಡೆಯುತ್ತದೆ. ಟೊಮೊಯೊ ಹೊಸ ಉಡುಪು ತೊಡಿಸುತ್ತಾಳೆ. ಸಕುರಾ ಕೈಯಲ್ಲಿರುವ ಇನ್ನೊಂದು ಕಾರ್ಡು ಬಳಸುತ್ತಾಳೆ, 'ಸೆಕ್ಯೂರ್' ಅನ್ನುತ್ತಾಳೆ, ಮುಗಿಯಿತು. ಹಲವು ಕಂತುಗಳಲ್ಲಿ ಇಡೀ ಪ್ರಸಂಗ ಐದು ನಿಮಿಷವೂ ಇಲ್ಲ. ಆ ಕಾರ್ಡು ಯಾರು, ಅದಕ್ಕೇನು ಬೇಕಿತ್ತು, ಯಾಕೆ ಇಲ್ಲೇ ಬಂತು? ಕೇಳುವವರಿಲ್ಲ. ಹಿಡಿದ ಮೇಲೆ ಅದರ ನೆನಪೂ ಇರುವುದಿಲ್ಲ. ಮಿಕ್ಕ ಹದಿನೈದು ನಿಮಿಷ ಬೆಂಟೊ (ಜಪಾನಿನ ಊಟದ ಡಬ್ಬಿ), ಟೀ, ಕೇಕು, 'ನಾಳೆ ನಮ್ಮ ಮನೆಗೆ ಬಾ' ಎನ್ನುವ ಆಹ್ವಾನ.

ಬೆಂಟೊ ಮೇಲೆ ನನಗೇನೂ ಸಿಟ್ಟಿಲ್ಲ. ಹಳೆಯ ಸರಣಿಯಲ್ಲೂ ತಿಂಡಿ ತೀರ್ಥ ಬೇಕಾದಷ್ಟಿತ್ತು. ಕೆರೊ ಇರುವ ಕಡೆ ತಿಂಡಿ ಇಲ್ಲದೆ ಹೇಗೆ? ಆದರೆ ಅಲ್ಲಿ ಶಾಲೆಯ ಕ್ರೀಡಾಕೂಟ, ನಾಟಕ, ಹಬ್ಬ ಎಲ್ಲವೂ ಕಾರ್ಡಿನ ಕಥೆಯೊಳಗೆ ಬೆರೆತು ಬರುತ್ತಿದ್ದವು. ಕ್ರೀಡಾಕೂಟದ ದಿನವೇ ಆಕಾಶದಿಂದ ಹೂವಿನ ಮಳೆ ಸುರಿಯುತ್ತಿತ್ತು. ಇಲ್ಲಿ ದಿನಚರಿ ಒಂದು ಕಡೆ, ಕಾರ್ಡು ಇನ್ನೊಂದು ಕಡೆ. ನಡುವೆ ಸೇತುವೆ ಇಲ್ಲ.

ಇನ್ನು ಗುಟ್ಟುಗಳ ವಿಷಯ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು.

ಸಕುರಾಗೆ ಏನಾಗುತ್ತಿದೆ ಅಂತ ಶಾವೊರಾನ್‌ಗೆ ಗೊತ್ತು. ಹೇಳುವುದಿಲ್ಲ. ಹಳೆಯ ಸರಣಿಯ ಮಾಂತ್ರಿಕ ಹುಡುಗ, ಈಗ ಇಂಗ್ಲೆಂಡಿನಲ್ಲಿರುವ ಎರಿಯೊಲ್‌ಗೆ ಇನ್ನೂ ಜಾಸ್ತಿ ಗೊತ್ತು. ಸಕುರಾ ಕಳಿಸಿದ ಮೇಲ್‌ಗೆ ಅವನು ಉತ್ತರ ಕೊಡುವುದಿಲ್ಲ, ಶಾವೊರಾನ್ ಜೊತೆ ಮಾತ್ರ ಫೋನಿನಲ್ಲಿ ಮಾತಾಡುತ್ತಾನೆ. ತೋಯಾಗೆ ಏನೋ ಹೊಸ ಶಕ್ತಿ ಬಂದಿದೆ. ಯುಕಿತೊಗೆ ಅದರ ಸುಳಿವಿದೆ, ಇಬ್ಬರೂ ಬಾಯಿ ಬಿಡುವುದಿಲ್ಲ. ಹೊಸ ಹುಡುಗಿ ಅಕಿಹೊಳ ಮನೆಯ ಬಟ್ಲರ್ ಕೈಟೊ ನಗುತ್ತ ಟೀ ಬಗ್ಗಿಸುತ್ತಾನೆ. ಅವನಿಗೆ ಎಲ್ಲ ಗೊತ್ತು. ಅವನ ಜೊತೆಗಿರುವ ಮೊಮೊ ಎಂಬ ಮೊಲದ ಗೊಂಬೆಗೂ ಗೊತ್ತು! ಗೊಂಬೆಗೆ ಗೊತ್ತಿರುವುದು ನಾಯಕಿಗೆ ಗೊತ್ತಿಲ್ಲ.

ಕಂತಿನಿಂದ ಕಂತಿಗೆ ಅದೇ ದೃಶ್ಯ. ಸಂಜೆ ಬೆಳಕು. ಯಾರೋ ಕಿಟಕಿ ಹತ್ತಿರ ನಿಂತಿದ್ದಾರೆ. ಮುಖ ಸ್ವಲ್ಪ ಬಾಡಿದೆ. 'ಇನ್ನೂ ಸಮಯ ಬಂದಿಲ್ಲ' ಎನ್ನುವ ಅರ್ಥದ ಒಂದು ಮಾತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆಮೇಲೆ ಕಂತು ಮುಗಿಯುವ ಹಾಡು. ಕನ್ನಡದ ದಿನವಹಿ ಧಾರಾವಾಹಿ ನೋಡಿ ಬೆಳೆದವರು ನಾವು. ಒಂದು ಮಾತು ಆಡಿಬಿಟ್ಟರೆ ಮುಗಿಯುವ ಜಗಳವನ್ನು ತಿಂಗಳುಗಟ್ಟಲೆ ಎಳೆಯುವುದು ಹೇಗೆ ಅಂತ ನಮಗೆ ಯಾರೂ ಕಲಿಸಬೇಕಿಲ್ಲ. ಆ ಎಳೆತದಿಂದ ತಪ್ಪಿಸಿಕೊಳ್ಳಲು ನಿಮ್ಮ ಹತ್ತಿರ ಬಂದರೆ ನೀವೂ ಅದನ್ನೇ ಮಾಡಿದಿರಿ.

'ಹಳೆಯದರಲ್ಲಿ ಗುಟ್ಟು ಇರಲಿಲ್ಲವೇ?' ಅಂತ ಕೇಳಬಹುದು. ಇತ್ತು. ಎರಿಯೊಲ್ ಶಾಲೆಗೆ ಸೇರಿದ ಮೇಲೆ ಊರಲ್ಲಿ ನಡೆಯುವ ಅನಾಹುತಗಳೆಲ್ಲ ಅವನದೇ ಕೆಲಸ ಅಂತ ನಮಗೆ ಗೊತ್ತಿತ್ತು, ಸಕುರಾಗೆ ಗೊತ್ತಿರಲಿಲ್ಲ. ಅದು ಇಪ್ಪತ್ತಕ್ಕೂ ಜಾಸ್ತಿ ಕಂತು ನಡೆಯಿತು. ಆದರೂ ಬೇಸರ ಬರಲಿಲ್ಲ. ಯಾಕೆ? ಅವನು ತಂದ ಪ್ರತಿ ಕಷ್ಟದಲ್ಲೂ ಅವಳಿಗೆ ಮಾಡಲು ಒಂದು ಕೆಲಸ ಇತ್ತು. ಕ್ಲೋ ಎಂಬ ಮಾಂತ್ರಿಕ ಮಾಡಿದ್ದ ಹಳೆಯ ಕ್ಲೋ ಕಾರ್ಡನ್ನು ತನ್ನ ಸ್ವಂತ ಶಕ್ತಿಯಿಂದ ತನ್ನ ಕಾರ್ಡಾಗಿ ಬದಲಿಸಬೇಕಿತ್ತು. ಬದಲಿಸಿದಾಗಲೆಲ್ಲ ಸುಸ್ತಾಗಿ ನಿದ್ದೆಗೆ ಜಾರುತ್ತಿದ್ದಳು. ಬೆಲೆ ಕೊಡುತ್ತಿದ್ದಳು, ಬೆಳೆಯುತ್ತಿದ್ದಳು. ಗುಟ್ಟು ರಟ್ಟಾದಾಗ ಹಿಂದಿನ ಪ್ರತಿ ಕಂತಿಗೂ ಹೊಸ ಅರ್ಥ ಬಂತು. ಎರಿಯೊಲ್ ಊರಿಗೆಲ್ಲ ಕತ್ತಲು ಕವಿಸಿ ಎಲ್ಲರನ್ನೂ ಮಲಗಿಸಿದಾಗ, ಅವಳು ಕೊನೆಯ ಎರಡು ಕಾರ್ಡುಗಳಾದ ಬೆಳಕು ಮತ್ತು ಕತ್ತಲನ್ನು ಶಾವೊರಾನ್ ನೆರವಿನಿಂದ ಬದಲಿಸಿದ ಆ ಗಳಿಗೆ ಸುಮ್ನೆ ಬಂದದ್ದಲ್ಲ. ಅಷ್ಟು ದಿನದ ದುಡಿಮೆ ಅದರ ಹಿಂದಿತ್ತು.

ಕ್ಲಿಯರ್ ಕಾರ್ಡ್‌ನ ಒಳಗಿರುವ ವಿಚಾರ ಅದಕ್ಕಿಂತ ದೊಡ್ಡದು ಅನ್ನುವುದೇ ನನ್ನ ಸಂಕಟ. ಈ ಹೊಸ ಕಾರ್ಡುಗಳು ಹುಟ್ಟುತ್ತಿರುವುದು ಸಕುರಾಳಿಂದಲೇ. ಅವಳ ಶಕ್ತಿ ಅವಳಿಗೇ ತಿಳಿಯದಷ್ಟು ಬೆಳೆದುಬಿಟ್ಟಿದೆ. ಹದಿಮೂರು ವರ್ಷದ ಹುಡುಗಿಗೆ ತನ್ನೊಳಗಿನಿಂದಲೇ ಏನೋ ಹೊರಬರುತ್ತಿದೆ, ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ. ಈ ವಯಸ್ಸಿನ ಕಥೆಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕಾ? ಮೊದಲ ಸರಣಿಯಲ್ಲಿ ಪುಸ್ತಕ ತೆರೆದದ್ದು ತಾನು ಅಂತ ಗೊತ್ತಾಗಿ ಅವಳು ಹೊಣೆ ಹೊತ್ತಳು. ಈಗಲೂ ಮೂಲ ತಾನೇ ಅಂತ ಅರ್ಧದಾರಿಯಲ್ಲಾದರೂ ಗೊತ್ತಾಗಿದ್ದರೆ? ಅವಳೇನು ಮಾಡುತ್ತಿದ್ದಳು? ಹೆದರುತ್ತಿದ್ದಳಾ? ಕಾರ್ಡು ಹಿಡಿಯುವುದನ್ನೇ ನಿಲ್ಲಿಸುತ್ತಿದ್ದಳಾ? ಗೆಳತಿಯರಿಂದ ದೂರ ಇರಲು ನೋಡುತ್ತಿದ್ದಳಾ? ಇವೆಲ್ಲ ಕಂತುಗಳಾಗಬೇಕಿತ್ತು. ಆಗಲಿಲ್ಲ. ನೋಡುವ ನಮಗೆ ತಿಳಿಯಿತು, ಅವಳ ಸುತ್ತ ಇರುವವರಿಗೆ ತಿಳಿಯಿತು. ಅವಳು ಮಾತ್ರ ಪ್ರತಿ ವಾರ ಕಣ್ಣರಳಿಸಿ 'ಹೋಏ?' ಅಂದಳು.

ಆಮೇಲೆ ಆ ಕೊನೆಯ ಕಂತು. ಅಂತೂ ಇಂತೂ ಏನೋ ತೆರೆದುಕೊಳ್ಳುತ್ತದೆ ಅನ್ನುವಷ್ಟರಲ್ಲಿ ಕೈಟೊ ಕಾಲವನ್ನೇ ಹಿಂದಕ್ಕೆ ತಿರುಗಿಸಿಬಿಡುತ್ತಾನೆ. ಸಕುರಾಗೆ ಏನೂ ನೆನಪಿಲ್ಲ. ಮತ್ತೆ ಮಾಮೂಲಿ ದಿನ, ಮತ್ತೆ ನಗು. ಮುಗಿಯಿತು. ಆರು ತಿಂಗಳು ಕಾದದ್ದಕ್ಕೆ ನಮ್ಮ ನಾಯಕಿಗೆ ಸಿಕ್ಕ ಚೂರುಪಾರು ತಿಳಿವಳಿಕೆಯನ್ನೂ ಕಿತ್ತುಕೊಂಡು ಕಳಿಸಿದಿರಿ. ಮಂಗಾ ಓದುವವರಿಗೆ ಅದು ಕಥೆಯ ನಡುವಿನ ಒಂದು ತಿರುವು ಇರಬಹುದು. ಟಿವಿ ನೋಡುವವರಿಗೆ ಅದೇ ಕೊನೆ. ಐದು ವರ್ಷ ಅದೇ ಕೊನೆಯಾಗಿ ಉಳಿಯಿತು.

ಕಾರಣ ಏನು ಅಂತ ಊಹಿಸುವುದು ಕಷ್ಟ ಅಲ್ಲ. ಹೊಸ ಮಂಗಾ 'ನಕಾಯೊಶಿ' ಮಾಸಿಕದಲ್ಲಿ ಶುರುವಾದದ್ದು 2016ರಲ್ಲಿ. ಅನಿಮೆ ಬರುವ ಹೊತ್ತಿಗೆ ಅದಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ತಿಂಗಳಿಗೊಂದು ಅಧ್ಯಾಯ. ಆ ಮಂಗಾ ಮುಗಿದದ್ದು 2023ರ ಕೊನೆಗೆ. ಹೀಗಿರುವಾಗ ನಿಮ್ಮ ಕೈಯಲ್ಲಿ ಕಥೆಯ ಮೊದಲ ಭಾಗ ಮಾತ್ರ ಇತ್ತು. ಗುಟ್ಟು ಬಿಟ್ಟುಕೊಡುವ ಹಾಗಿಲ್ಲ, ಕಂತು ತುಂಬಿಸದೆ ಇರುವ ಹಾಗಿಲ್ಲ. ಹಾಗಾಗಿ ಟೀ ಮತ್ತು ಕೇಕು.

ಆದರೆ ಈ ಕಾರಣವನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1998ರಲ್ಲೂ ಇದೇ ಪರಿಸ್ಥಿತಿ ಇತ್ತಲ್ವಾ? ಮೂಲ ಮಂಗಾ 1996ರಲ್ಲಿ ಶುರುವಾಗಿ 2000ದಲ್ಲಿ ಮುಗಿಯಿತು. ಅನಿಮೆ ನಡೆಯುವಾಗ ಅದಿನ್ನೂ ಬರುತ್ತಲೇ ಇತ್ತು. ಆಗ ನೀವೇನು ಮಾಡಿದಿರಿ? ಮಂಗಾದಲ್ಲಿ ಇದ್ದದ್ದು 19 ಕ್ಲೋ ಕಾರ್ಡು. ನೀವು ಅದನ್ನು 52 ಮಾಡಿದಿರಿ. ಮಂಗಾದಲ್ಲಿ ಇಲ್ಲವೇ ಇಲ್ಲದ ಮೇಲಿಂಗ್ ಎಂಬ ಹುಡುಗಿಯನ್ನು ತಂದಿರಿ. ಮಾಯಾಶಕ್ತಿ ಚೂರೂ ಇಲ್ಲದ, ಶಾವೊರಾನ್ ನನ್ನವನು ಅಂತ ಜಗಳ ಕಾಯುವ, ಸೋಲು ಒಪ್ಪದ ಮೇಲಿಂಗ್. ಕೊನೆಗೆ ಅವಳು ತಾನಾಗಿ ಅವನನ್ನು ಬಿಟ್ಟುಕೊಟ್ಟು ಟೊಮೊಯೊ ಹತ್ತಿರ ಅತ್ತಾಗ ಅವಳನ್ನು ಇಷ್ಟಪಡದವರಿಗೂ ಗಂಟಲು ಕಟ್ಟಿತು. ಅಂಥ ಪಾತ್ರವನ್ನು ನೀವೇ ಹುಟ್ಟಿಸಿದ್ದು. ಅಂದರೆ ಕಥೆ ಕೈಯಲ್ಲಿ ಇಲ್ಲದಿದ್ದಾಗ ಕಥೆ ಕಟ್ಟುವುದು ನಿಮಗೆ ಬರುತ್ತದೆ. ಅದೇ ನಿರ್ದೇಶಕರು, ಚಿತ್ರಕಥೆಗೆ ಅದೇ ಕ್ಲ್ಯಾಂಪ್‌ನ ನಾನಾಸೆ ಒಹ್ಕಾವಾ. 2018ರಲ್ಲಿ ಮಾತ್ರ ಯಾಕೆ ಕೈ ಕಟ್ಟಿ ಕೂತಿರಿ?

ಇಲ್ಲೇ ಒಂದು ಚಿಕ್ಕ ತಕರಾರು ಹೇಳಿ ಮುಗಿಸುತ್ತೇನೆ. ಮುಂದಿನ ಭಾಗದಲ್ಲಿ ಇರುವ ಸಕುರಾ ಯಾವ ಸಕುರಾ? 2000ದ ಸಿನಿಮಾದಲ್ಲಿ ಅವಳು ಶಾವೊರಾನ್‌ಗೆ ತನ್ನ ಮನಸ್ಸು ಹೇಳಿಯಾಗಿದೆ. ಕುಸಿದ ಗಡಿಯಾರ ಗೋಪುರದಲ್ಲಿ ಕಂದಕದ ಈಚೆಯಿಂದ ಹಾರಿ ಹೇಳಿದ್ದಳು. ಆಮೇಲೆ 2017ರಲ್ಲಿ ಬಂದ ಒವಿಎ (ಟಿವಿಗಲ್ಲದೆ ನೇರವಾಗಿ ಡಿಸ್ಕ್‌ನಲ್ಲಿ ಬಿಡುವ ಕಂತು) ಮಂಗಾದ ಕೊನೆಯನ್ನು ಹಿಡಿದು, ಬೊಂಬೆ ಕರಡಿಗಳನ್ನು ಕೊಟ್ಟು ಬೀಳ್ಕೊಡುವುದನ್ನು ಬೇರೆಯೇ ಥರ ತೋರಿಸಿತು. ಸರಿ, ಮಂಗಾ ದಾರಿ ಹಿಡಿದಿರಿ ಅಂದುಕೊಂಡರೆ, ಮಂಗಾದಲ್ಲಿ ಇಲ್ಲದ ಮೇಲಿಂಗ್ ಹಾಂಗ್‌ಕಾಂಗ್‌ನಿಂದ ನೋಡಲು ಬರುತ್ತಾಳೆ! ಅವಳನ್ನು ನೋಡಿ ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಎರಡು ದೋಣಿಯ ಮೇಲೆ ಕಾಲಿಟ್ಟದ್ದು ಕಾಣುತ್ತದೆ. ಅಂದಹಾಗೆ ಪ್ರೈಮರಿಯಿಂದ ಮಿಡಲ್ ಸ್ಕೂಲಿಗೆ ಬರುವಷ್ಟರಲ್ಲಿ ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದುಬಿಟ್ಟಿದೆ. ಅದಕ್ಕೆ ನನ್ನ ತಕರಾರಿಲ್ಲ. ಅಷ್ಟು ಮಾಯೆ ಇರಲಿ ಬಿಡಿ.

ಒಳ್ಳೆಯದನ್ನೂ ಹೇಳಬೇಕು. ಹದಿನೆಂಟು ವರ್ಷ ಆದ ಮೇಲೂ ದನಿ ಕಲಾವಿದೆ ಸಕುರಾ ತಾಂಗೆ ಅವರ ದನಿಯಲ್ಲಿ ಆ ಹುಡುಗಿ ಹಾಗೆಯೇ ಇದ್ದಳು. ಶಾವೊರಾನ್‌ಗೆ ಮೊತೊಕೊ ಕುಮಾಯಿ, ಟೊಮೊಯೊಗೆ ಜುಂಕೊ ಇವಾವೊ, ಎಲ್ಲರೂ ವಾಪಸು ಬಂದರು. ತಾಕಾಯುಕಿ ನೆಗಿಶಿ ಅವರ ಸಂಗೀತ ಬಂದ ತಕ್ಷಣ ಮೈ ಜುಮ್ಮೆಂದಿತು. ಮಾಯಾ ಸಕಾಮೊತೊ ಮತ್ತೆ ಆರಂಭದ ಹಾಡು ಹಾಡಿದರು. ಟೊಮೊಯೊ ಹೊಲಿದ ಉಡುಪುಗಳು ಒಂದಕ್ಕಿಂತ ಒಂದು ಚೆಂದ. ಇಷ್ಟೆಲ್ಲ ಕೈಯಲ್ಲಿದ್ದೂ ಹೀಗಾಯಿತಲ್ಲ ಅನ್ನುವುದೇ ಹೊಟ್ಟೆ ಉರಿಯುವ ವಿಷಯ.

ಅಕಿಹೊ ವಿಷಯದಲ್ಲಿ ಇನ್ನೂ ಜಾಸ್ತಿ. ಈ ಸೀಸನ್‌ನ ನಿಜವಾದ ಹೊಸತನ ಅವಳು. ಊರೂರು ತಿರುಗಿ ಬಂದ ಹುಡುಗಿ. ಪುಸ್ತಕ ಅಂದರೆ ಪ್ರಾಣ. ಗೆಳತಿಯೊಬ್ಬಳು ಸಿಕ್ಕಿದ್ದಕ್ಕೇ ನಾಚಿಕೊಂಡು ಖುಷಿಪಡುತ್ತಾಳೆ. ಸಕುರಾ ಕಂಡ ಕನಸನ್ನೇ ಬೇರೆ ಕೋನದಿಂದ ಕಾಣುತ್ತಾಳೆ. ಅವಳ ಬಗ್ಗೆಯೂ ಅವಳಿಗೇ ಗೊತ್ತಿಲ್ಲದ ಸಂಗತಿಗಳಿವೆ. ಅವನ್ನೂ ಅವಳ ಸುತ್ತ ಇರುವವರು ಮುಚ್ಚಿಟ್ಟಿದ್ದಾರೆ. ಅಂದರೆ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡುವ ಇಬ್ಬರು ಹುಡುಗಿಯರು, ಇಬ್ಬರಿಗೂ ತಾವು ಯಾರು ಅಂತ ಯಾರೂ ಹೇಳಿಲ್ಲ. ಅವರಿಬ್ಬರೇ ಒಂದು ಮಧ್ಯಾಹ್ನ ಕೂತು ಕನಸುಗಳನ್ನು ತಾಳೆ ಹಾಕಿದ್ದರೆ ಅರ್ಧ ಗುಟ್ಟು ಅಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಗಂಡಸರು, ಅಣ್ಣಂದಿರು, ಬಟ್ಲರು, ಕಾವಲುಗಾರರು ಯಾರೂ ಬೇಕಿರಲಿಲ್ಲ. ಆ ಮಧ್ಯಾಹ್ನಕ್ಕಾಗಿ ನಾನು ಕೊನೆಯವರೆಗೂ ಕಾದೆ.

ಶಾವೊರಾನ್ ಬಗ್ಗೆಯೂ ಒಂದು ಮಾತು. 57ನೇ ಕಂತಿನಲ್ಲಿ ಲಿಫ್ಟ್ ಕೆಟ್ಟು ಇಬ್ಬರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಅವಳು ಬಿದ್ದುಹೋಗುತ್ತಾಳೆ. ಅವನು ಮೊದಲ ಸಲ ಅವಳ ಹೆಸರು ಹಿಡಿದು ಕೂಗುತ್ತಾನೆ. ಅವಳು ತೇಲುವ ಕಾರ್ಡು ಬದಲಿಸಿಕೊಂಡು ಮೇಲೆ ಬರುತ್ತಾಳೆ, ಅವನು ಹೋಗಿ ತಬ್ಬಿಕೊಳ್ಳುತ್ತಾನೆ. ಒಂದು ಹೆಸರು ಕರೆದದ್ದಕ್ಕೆ ಅಷ್ಟು ತೂಕ ಇತ್ತು. ಎದುರು ನಿಂತು ಜಗಳ ಆಡಿ, ಜೊತೆಗೆ ಹೋರಾಡಿ ಬಂದವನು ಅವನು. ಅಂಥವನು ಕ್ಲಿಯರ್ ಕಾರ್ಡ್‌ನಲ್ಲಿ ಅವಳಿಗೋಸ್ಕರ ಅಂತ ಅವಳಿಂದಲೇ ಎಲ್ಲ ಮುಚ್ಚಿಡುತ್ತಾನೆ. ಪ್ರೀತಿಸುವವರು ಹೀಗೆ ಮಾಡುತ್ತಾರೆ, ನಿಜ. ಆದರೆ ಅದು ಸರಿಯಾ ಅಂತ ಕಥೆ ಒಮ್ಮೆಯಾದರೂ ಕೇಳಬೇಕಿತ್ತು. 'ನನ್ನ ವಿಷಯ ನನಗೇ ಯಾಕೆ ಹೇಳಲಿಲ್ಲ?' ಅಂತ ಸಕುರಾ ಸಿಟ್ಟಾಗುವ ಒಂದು ದೃಶ್ಯ ನನಗೆ ಬೇಕು. ಅವಳಿಗೂ ಸಿಟ್ಟು ಬರುತ್ತದೆ. ಅಣ್ಣ 'ಮಾನ್‌ಸ್ಟರ್' ಅಂದಾಗ ಅವನ ಕಾಲು ತುಳಿಯುತ್ತಿದ್ದ ಹುಡುಗಿ ಅವಳು.

'ಇದು ಮಕ್ಕಳಿಗೆ ಮಾಡಿದ್ದು, ನೀವು ದೊಡ್ಡವರಾಗಿದ್ದೀರಿ' ಅನ್ನುವವರಿದ್ದಾರೆ. ಹಳೆಯ ಸರಣಿಯನ್ನು ಮಕ್ಕಳ ಜೊತೆ ಕೂತು ಈಗ ನೋಡಿ. ಅಕ್ವೇರಿಯಂ ಕಂತಿನಲ್ಲಿ ಮಕ್ಕಳು ಮಿಸುಕಾಡುವುದಿಲ್ಲ. 'ಇದು ಸಮಾಧಾನದ ಕಥೆ, ಆರಾಮಾಗಿ ನೋಡಬೇಕು' ಅನ್ನುವವರೂ ಇದ್ದಾರೆ. ಸಮಾಧಾನಕ್ಕೂ ಏನೂ ಆಗದೆ ಇರುವುದಕ್ಕೂ ವ್ಯತ್ಯಾಸ ಇದೆ. ಸಕುರಾಳ 'ಖಂಡಿತ ಎಲ್ಲ ಸರಿಹೋಗುತ್ತೆ' ಅನ್ನುವ ಮಾತು ಧೈರ್ಯ ಕೊಡುತ್ತಿದ್ದದ್ದು ಎಲ್ಲ ಸರಿ ಇಲ್ಲ ಅಂತ ಅವಳಿಗೆ ಗೊತ್ತಿದ್ದಾಗ ಆಡಿದ್ದರಿಂದ. ಕಾರ್ಡುಗಳ ಇನ್ನೊಬ್ಬ ಕಾವಲುಗಾರ ಯೂಯೆ ಎದುರು ಕೊನೆಯ ತೀರ್ಪಿನಲ್ಲಿ ಸೋತು, ಎಲ್ಲರೂ ಪ್ರೀತಿ ಮರೆತ ಲೋಕವನ್ನು ಕಣ್ಣಾರೆ ಕಂಡು, ಮತ್ತೆ ಎದ್ದು ನಿಂತು, 'ನಾನು ನಿನ್ನ ಯಜಮಾನಿ ಆಗುವುದು ಬೇಡ, ಸ್ನೇಹಿತರಾಗಿರೋಣ' ಅನ್ನುವ ಅರ್ಥದಲ್ಲಿ ಮಾತಾಡಿದವಳು ಅವಳು. ಏನೂ ಗೊತ್ತಿಲ್ಲದವಳು ಅದೇ ಮಾತು ಆಡಿದರೆ ಧೈರ್ಯ ಅನ್ನಿಸುವುದಿಲ್ಲ.

ಸೀಸನ್ ಒಂದು ಕೆಟ್ಟರೆ ಸರಿಪಡಿಸಲು ಆಗುವುದಿಲ್ಲ ಅಂತೇನಿಲ್ಲ. 2014ರಲ್ಲಿ 'ಸೈಲರ್ ಮೂನ್ ಕ್ರಿಸ್ಟಲ್' ಎಂಬ ಇನ್ನೊಂದು ಅನಿಮೆ ಬಂದಾಗ ಅದರ ಚಿತ್ರಗಳ ಬಗ್ಗೆ ಅಭಿಮಾನಿಗಳು ಬೈದದ್ದು ಕಡಿಮೆ ಏನಲ್ಲ. 2016ರ ಮೂರನೇ ಸೀಸನ್‌ಗೆ ನಿರ್ದೇಶಕರು ಬದಲಾದರು, ಪಾತ್ರ ವಿನ್ಯಾಸ ಮಾಡುವವರೂ ಬದಲಾದರು. ಬೈದವರಲ್ಲೇ ಬಹಳ ಜನ ವಾಪಸು ಬಂದು ಕೂತು ನೋಡಿದರು. ನಿಮ್ಮಲ್ಲಿ ಯಾರನ್ನೂ ಬದಲಿಸಿ ಅಂತ ನಾನು ಹೇಳುತ್ತಿಲ್ಲ. ಈ ತಂಡವೇ ಬೇಕು. ಈಗ ಮಂಗಾ ಮುಗಿದಿದೆ, 16 ಸಂಪುಟ ನಿಮ್ಮ ಮೇಜಿನ ಮೇಲಿದೆ. ಹಿಂದಿನ ನೆಪ ಇನ್ನು ನಡೆಯುವುದಿಲ್ಲ. ಕಥೆ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿದ್ದವರು ಎಲ್ಲಿ ಏನು ಬಿಚ್ಚಬೇಕು ಅಂತ ಲೆಕ್ಕ ಹಾಕಬಹುದು.

ಹಾಗಾಗಿ ಕೇಳುವುದು ಇಷ್ಟು. ಮೊದಲ ಮೂರು ಕಂತಿನೊಳಗೆ ಸಕುರಾಗೆ ನಿಜ ಗೊತ್ತಾಗಲಿ. ಕಾಲ ಹಿಂದಕ್ಕೆ ಹೋದದ್ದೂ ಗೊತ್ತಾಗಲಿ, ಯಾರು ತಿರುಗಿಸಿದರು ಅಂತಲೂ ಗೊತ್ತಾಗಲಿ. ಮಂಗಾದಲ್ಲಿ ತಡವಾಗಿ ಬರುತ್ತದೆ ಅಂದರೆ ನೀವು ಮೊದಲೇ ತನ್ನಿ. 19 ಕಾರ್ಡನ್ನು 52 ಮಾಡಿದವರಿಗೆ ಅದೇನು ದೊಡ್ಡ ವಿಷಯ ಅಲ್ಲ. ಬರುವ ಕಾರ್ಡು ಕಡಿಮೆಯಾದರೂ ಸರಿ, ಒಂದೊಂದಕ್ಕೂ ಒಂದು ಸ್ವಭಾವ ಇರಲಿ. ಅವುಗಳನ್ನು ಹಿಡಿಯಲು ಸಕುರಾ ಇನ್ನೊಂದು ಕಾರ್ಡು ತೆಗೆದರೆ ಸಾಲದು, ತಲೆ ಓಡಿಸಲಿ. ಹಳೆಯ ಕಾರ್ಡುಗಳು ಎಲ್ಲಿ ಅಂತ ಅವಳು ಹುಡುಕಲಿ. ಕಳೆದುಹೋದ ಗೆಳೆಯರನ್ನು ಹುಡುಕದ ಸಕುರಾ ನನಗೆ ಪರಿಚಯ ಇಲ್ಲ. ಅಕಿಹೊಗೆ ಆ ಮಧ್ಯಾಹ್ನ ಕೊಡಿ.

ಎಲ್ಲಕ್ಕಿಂತ ಮೊದಲು ಒಂದು ಸಣ್ಣ ಕೆಲಸ ಮಾಡಿ. ಎಷ್ಟು ಕಂತು, ಕಥೆ ಅಲ್ಲಿಗೆ ಪೂರ್ತಿ ಮುಗಿಯುತ್ತದಾ ಇಲ್ಲವಾ ಅಂತ ಪ್ರಸಾರಕ್ಕೆ ಮುಂಚೆಯೇ ಹೇಳಿಬಿಡಿ. ಮುಗಿಯುವುದಿಲ್ಲ ಅಂತ ಹೇಳಿದರೂ ನೋಡುತ್ತೇವೆ. ಈ ಸಲ ನಮ್ಮಿಂದಲೂ ಮುಚ್ಚಿಡಬೇಡಿ.

ಇಂತಿ,
ಬೆಂಗಳೂರಿನಿಂದ ಸಕುರಾಳ ಹಳೆಯ ಪ್ರೇಕ್ಷಕಿ